‘ಎತ್ತರಕ್ಕೆ ತಕ್ಕ ತೂಕ’ ನೋಡುವಾಗ ಟೇಪೂ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲಿ, ಔಷಧಿ ಅಂಗಡಿಯ ಗೋಡೆಯ ಮೇಲೆ, ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ‘ಎತ್ತರಕ್ಕೆ ತಕ್ಕ ತೂಕ’ದ ಪಟ್ಟಿ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಎಡಗಡೆ ಅಡಿ ಮತ್ತು ಇಂಚು, ಬಲಗಡೆ ಗಂಡಸರಿಗೊಂದು ಹೆಂಗಸರಿಗೊಂದು ಅಂಕಿ. ಅದನ್ನು ನೋಡಿ ರಾತ್ರಿ ಊಟ ಬಿಡುವವರಿದ್ದಾರೆ. ಹೊಟ್ಟೆ ಮುಂದೆ ಬಂದಿದ್ದರೂ ‘ಪಟ್ಟಿ ಪ್ರಕಾರ ಸರಿಯಾಗೇ ಇದ್ದೀನಿ’ ಎಂದು ನಿಶ್ಚಿಂತರಾಗುವವರೂ ಇದ್ದಾರೆ. ಆಹಾರ ಸಲಹೆಯೇ ಕಸುಬಾಗಿರುವ ನಮಗೆ ಈ ಎರಡನೆಯವರದೇ ಹೆಚ್ಚಿನ ಚಿಂತೆ.

ಇಂಥ ಪಟ್ಟಿಗಳಲ್ಲಿ ಅತಿ ಪ್ರಸಿದ್ಧವಾದವು ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿ 1959 ಮತ್ತು 1983ರಲ್ಲಿ ಪ್ರಕಟಿಸಿದವು. ವಿಮೆ ಮಾಡಿಸಿದ ಅಲ್ಲಿನ ಜನರಲ್ಲಿ ಯಾವ ತೂಕದವರು ಹೆಚ್ಚು ಕಾಲ ಬದುಕಿದರು ಎಂಬುದೇ ಅವುಗಳ ಆಧಾರ. 1983ರ ಪಟ್ಟಿಯಲ್ಲಿ ಒಂದಿಂಚು ಹಿಮ್ಮಡಿಯ ಬೂಟೂ ಮೈಮೇಲಿನ ಬಟ್ಟೆಯೂ ಸೇರಿದ್ದವು. ಗಂಡಸರ ಬಟ್ಟೆಗೇ ಸುಮಾರು 2.3 ಕೆ.ಜಿ. ಸಣ್ಣ, ನಡುತರ, ದೊಡ್ಡ ಮೈಕಟ್ಟು ಎಂದು ಮೂರು ಕಂಬಸಾಲುಗಳೂ ಇದ್ದವು. ಒಂದೇ ಅಂಕಿಯ ಪಟ್ಟಿಯಲ್ಲಿ ಇದೆಲ್ಲ ಮಾಯ.

‘ಸೆಂಟಿಮೀಟರಿನಲ್ಲಿ ಎತ್ತರ, ಅದರಲ್ಲಿ ನೂರು ಕಳೆದರೆ ತೂಕ’ ಎಂಬ ಬಾಯಿಲೆಕ್ಕ ಇನ್ನೂ ಹಳೆಯದು. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಹೆಸರಿನಲ್ಲಿ 19ನೇ ಶತಮಾನದಿಂದ ನಡೆದುಬಂದಿದೆ. ಕುಳ್ಳಗಿರುವವರಿಗೆ ಅದು ಅಷ್ಟೇನೂ ತಪ್ಪುವುದಿಲ್ಲ, 150 ಸೆಂ.ಮೀ.ಗೆ 50 ಕೆ.ಜಿ. ಸರಿಯೇ. ಆದರೆ 178 ಸೆಂ.ಮೀ. ಎತ್ತರದ ಗಂಡಸಿಗೆ 78 ಕೆ.ಜಿ. ಎಂದುಬಿಡುತ್ತದೆ. ಭಾರತೀಯರ ಮಟ್ಟಿಗೆ ಅದು ಐದಾರು ಕಿಲೋ ಜಾಸ್ತಿ.

‘ಭಾರತೀಯರ ಮಟ್ಟಿಗೆ’ ಎನ್ನಲು ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದ್ದರು. ಇಬ್ಬರ ಬಿಎಂಐ (ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ) 22.3. ಯುಡ್ಕಿನ್ ಅವರ ಮೈಯಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2! ಅಷ್ಟೇ ತೂಕದಲ್ಲಿ ನಮ್ಮವರಿಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಹೊಟ್ಟೆಯ ಸುತ್ತಲೇ ಸೇರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ನಮ್ಮಲ್ಲಿ ಕಡಿಮೆ ತೂಕಕ್ಕೇ ಶುರುವಾಗುವುದು ಇದರಿಂದ. ಹಾಗಾಗಿಯೇ 2009ರಲ್ಲಿ ನಮ್ಮ ದೇಶದ ತಜ್ಞರು ಬಿಎಂಐಯ ಮೇಲಿನ ಮಿತಿಯನ್ನು ಇಳಿಸಿದರು: 22.9ರವರೆಗೆ ಸರಿ, 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಮೊಬೈಲಿನ ಆ್ಯಪ್ 24.5ಕ್ಕೂ ಹಸಿರು ಬಣ್ಣ ತೋರಿಸಿದರೆ, ಅದು 25ರ ಅಂತರರಾಷ್ಟ್ರೀಯ ಗೆರೆಯನ್ನು ಹಿಡಿದಿದೆ ಎಂದರ್ಥ.

ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ. ಬಂದದ್ದನ್ನು 18.5ರಿಂದ ಗುಣಿಸಿದರೆ ಕೆಳಗಿನ ಮಿತಿ, 22.9ರಿಂದ ಗುಣಿಸಿದರೆ ಮೇಲಿನ ಮಿತಿ. 157 ಸೆಂ.ಮೀ. ಎತ್ತರದವರಿಗೆ 1.57 x 1.57 = 2.46, ಅಂದರೆ 46ರಿಂದ 56 ಕೆ.ಜಿ. 168 ಸೆಂ.ಮೀ.ಗೆ 52ರಿಂದ 64.5 ಕೆ.ಜಿ. ಹತ್ತು-ಹನ್ನೆರಡು ಕಿಲೋಗಳ ಹರವು ಇದೆ ಎಂಬುದನ್ನು ದಯವಿಟ್ಟು ಗಮನಿಸಿ. ಅದರೊಳಗಿನ ಯಾವ ತೂಕವೂ ಆರೋಗ್ಯದ ತೂಕವೇ.

ಲೆಕ್ಕಕ್ಕಿಂತ ಅಳತೆಯಲ್ಲೇ ತಪ್ಪು ಹೆಚ್ಚು. ನಮ್ಮ ಜನ 5 ಅಡಿ 10 ಇಂಚನ್ನು ‘5.10’ ಎಂದು ಬರೆಯುತ್ತಾರೆ. ಕ್ಯಾಲ್ಕುಲೇಟರು ಅದನ್ನು 5.1 ಅಡಿ ಎಂದು ಓದಿಕೊಳ್ಳುತ್ತದೆ. 178 ಸೆಂ.ಮೀ. ಇದ್ದವರು ಕ್ಷಣದಲ್ಲಿ 155 ಸೆಂ.ಮೀ. ಆಗಿ, 75 ಕೆ.ಜಿ. ತೂಕಕ್ಕೆ ಬಿಎಂಐ 23.7ರ ಬದಲು 31 ಎಂದು ಬರುತ್ತದೆ. 5 ಅಡಿ 8 ಇಂಚನ್ನು 5.8 ಎಂದು ಒತ್ತಿದರೆ ತಪ್ಪು ತಿರುಗುಮುರುಗಾಗಿ, ನಾಲ್ಕು ಸೆಂ.ಮೀ. ಎತ್ತರ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ಅಡಿಯನ್ನು 12ರಿಂದ ಗುಣಿಸಿ, ಇಂಚು ಕೂಡಿಸಿ, ಮೊತ್ತವನ್ನು 2.54ರಿಂದ ಗುಣಿಸುವುದೇ ಸರಿಯಾದ ದಾರಿ.

ಎತ್ತರವನ್ನು ಹಳೆಯ ದಾಖಲೆಯಿಂದ ಎತ್ತಿಕೊಳ್ಳದೆ ಹೊಸದಾಗಿ ಅಳೆಯಿರಿ. ಬರಿಗಾಲಲ್ಲಿ, ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಿಸಿ, ನೇರ ಮುಂದಕ್ಕೆ ನೋಡುತ್ತ ನಿಲ್ಲಬೇಕು. ತುರುಬು, ಕ್ಲಿಪ್ ಇದ್ದರೆ ಬಿಚ್ಚಬೇಕು. ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಅಂಟಿಸಿ ನೆತ್ತಿಗೆ ಇಳಿಸಿ, ಅದರ ತಳಕ್ಕೆ ಇನ್ನೊಬ್ಬರು ಪೆನ್ಸಿಲ್ ಗುರುತು ಹಾಕಲಿ. ತೂಕದ ಯಂತ್ರ ಗಟ್ಟಿ ನೆಲದ ಮೇಲಿರಲಿ, ಜಮಖಾನೆಯ ಮೇಲೆ ಬೇಡ. ಯಂತ್ರದ ಮೇಲೆ ಅನುಮಾನವಿದ್ದರೆ ಒಡೆಯದ 25 ಕೆ.ಜಿ. ಅಕ್ಕಿ ಚೀಲ ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ವ್ಯತ್ಯಾಸ ನೋಡಿ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ನೋಡಿದ ತೂಕವನ್ನಷ್ಟೇ ಬರೆದಿಡಿ. ದಿನದಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ನೀರು-ಊಟದ್ದು, ಕೊಬ್ಬಿನದಲ್ಲ.

ಇನ್ನು ಮೈಕಟ್ಟು. ‘ನಮ್ಮದು ದೊಡ್ಡ ಮೂಳೆ, ವಂಶದಿಂದ ಬಂದದ್ದು’ ಎನ್ನುವ ಮಾತನ್ನು ಟೇಪಿನಿಂದಲೇ ಪರೀಕ್ಷಿಸಬಹುದು. ಬಲಗೈ ಮಣಿಕಟ್ಟಿನ ಕಿರುಬೆರಳ ಕಡೆ ಎದ್ದು ಕಾಣುವ ಮೂಳೆಯ ಗುಬುಟು ಇದೆಯಲ್ಲ, ಅದಕ್ಕಿಂತ ಸ್ವಲ್ಪ ಮುಂದೆ, ಅಂಗೈ ಕಡೆಗೆ, ಟೇಪು ಸುತ್ತಿ. ಬಿಗಿಯಬಾರದು, ಸಡಿಲವೂ ಇರಬಾರದು. ಎತ್ತರದ ಸೆಂ.ಮೀ.ಗಳನ್ನು ಆ ಸುತ್ತಳತೆಯಿಂದ ಭಾಗಿಸಿ. ಹೆಂಗಸರಿಗೆ 11ಕ್ಕಿಂತ ಹೆಚ್ಚು ಬಂದರೆ ಸಣ್ಣ ಮೈಕಟ್ಟು, 10.1ರಿಂದ 11 ನಡುತರ, ಅದಕ್ಕಿಂತ ಕಡಿಮೆಯಾದರೆ ದೊಡ್ಡದು. ಗಂಡಸರಿಗೆ 10.4 ಮತ್ತು 9.6 ಆ ಗೆರೆಗಳು. 157 ಸೆಂ.ಮೀ. ಎತ್ತರದ ಹೆಂಗಸಿನ ಮಣಿಕಟ್ಟು 14 ಸೆಂ.ಮೀ. ಇದ್ದರೆ ಭಾಗಲಬ್ಧ 11.2, ಸಣ್ಣ ಮೈಕಟ್ಟು. ಅವರಿಗೆ 46-50 ಕೆ.ಜಿ. ಸಮೀಪದ ಗುರಿ ಒಪ್ಪುತ್ತದೆ. 16 ಸೆಂ.ಮೀ. ಇದ್ದರೆ 9.8, ದೊಡ್ಡ ಮೈಕಟ್ಟು, 53-56 ಕೆ.ಜಿ. ಇದ್ದರೂ ಸರಿ. ದಪ್ಪಗಿರುವವರ ಮಣಿಕಟ್ಟಿನಲ್ಲೂ ಕೊಬ್ಬಿರುತ್ತದೆ, ಕೈ ಊದಿದ್ದರಂತೂ ಲೆಕ್ಕವೇ ತಪ್ಪುತ್ತದೆ. ಅದಕ್ಕೇ 1983ರ ಪಟ್ಟಿಯವರು ಮಾಂಸ ಕಡಿಮೆ ಇರುವ ಮೊಳಕೈಯ ಎರಡು ಮೂಳೆತುದಿಗಳ ನಡುವಿನ ಅಗಲವನ್ನು ಆರಿಸಿಕೊಂಡಿದ್ದರು. ಮೈಕಟ್ಟಿನ ಲೆಕ್ಕ ಏನಿದ್ದರೂ ನಡುತರದಿಂದ ಶೇ 10ರಷ್ಟು ಅತ್ತಿತ್ತ ಸರಿಯಲು ಮಾತ್ರ. ಹದಿನೈದು ಕಿಲೋ ಹೆಚ್ಚಿದ್ದರೆ ಅದನ್ನು ಮೂಳೆಯ ತಲೆಗೆ ಕಟ್ಟಲಾಗದು.

ಇಷ್ಟಾದರೂ ಸೊಂಟ ಅಳೆಯದಿದ್ದರೆ ಕೆಲಸ ಅರ್ಧವೇ. ಪ್ಯಾಂಟಿನ ಅಳತೆ 34 ಎಂಬುದು ಸೊಂಟದ ಅಳತೆಯಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ. ಸೀರೆ ಉಟ್ಟವರು ಲಂಗದ ಲಾಡಿಯ ಮೇಲೆ ಅಳೆದರೂ ತಪ್ಪೇ. ಕೊನೆಯ ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲಂಚಿಗೂ ಬೆರಳಿಟ್ಟು, ನಡುಮಧ್ಯೆ ಬರಿಮೈಮೇಲೆ ಟೇಪು ಸುತ್ತಿ, ಉಸಿರು ಸಹಜವಾಗಿ ಹೊರಬಿಟ್ಟಾಗ ಓದಿ. ಹೊಟ್ಟೆ ಒಳಗೆಳೆದುಕೊಳ್ಳುವುದು ಬೇಡ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬುದು ಇನ್ನೂ ಸುಲಭದ ಸೂತ್ರ: ಎತ್ತರದಷ್ಟುದ್ದದ ದಾರವನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ, ತುದಿಗಳು ಸೇರಬೇಕು. ಬಿಎಂಐ 22 ಇದ್ದೂ ದಾರ ಸಾಲದವರು ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಲೇಬೇಕು.

ಗರ್ಭಿಣಿಯರಿಗೆ ಇದಾವುದೂ ಅನ್ವಯಿಸದು. 18 ವರ್ಷದೊಳಗಿನವರಿಗೆ ಮಕ್ಕಳ ವೈದ್ಯರ ಬೆಳವಣಿಗೆಯ ನಕ್ಷೆಯೇ ಬೇರೆ. ಕಸರತ್ತಿನ ಮೈಯವರಿಗೆ ಬಿಎಂಐ ಸುಮ್ಮನೆ ಹೆಚ್ಚು ತೋರಿಸುತ್ತದೆ. ಬೆನ್ನು ಬಾಗಿದ ಹಿರಿಯರಲ್ಲೂ ಅಷ್ಟೇ, ಎತ್ತರ ತಗ್ಗಿರುತ್ತದೆ. ಅಜ್ಜ ಅಜ್ಜಿಯರು ಊಟ ಕಡಿಮೆ ಮಾಡಿ ತೂಕ ಇಳಿಸಲು ಹೊರಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ, ಅವರು ಜಾರಿ ಬೀಳುವ ಅಪಾಯವಿದೆ. ದಯವಿಟ್ಟು ಅವರ ಕೈಗೆ ಈ ಪಟ್ಟಿಗಳನ್ನು ಕೊಡಬೇಡಿ.

ತಮ್ಮ ಪುರವಣಿಯಲ್ಲಿ ಮುಂದೆ ಇಂಥ ಪಟ್ಟಿ ಹಾಕುವಾಗ ಒಂದೇ ಅಂಕಿಯ ಬದಲು ಕೆಳಗಿನ ಮತ್ತು ಮೇಲಿನ ಮಿತಿ ಎರಡನ್ನೂ ಭಾರತೀಯ ಲೆಕ್ಕದಲ್ಲಿ ಹಾಕಿ, ಪಕ್ಕದಲ್ಲೇ ಸೊಂಟದ ಮಿತಿಗೊಂದು ಕಂಬಸಾಲು ಕೊಡಬೇಕೆಂದು ಕೋರುತ್ತೇವೆ. ಎತ್ತರವನ್ನು ಅಡಿಯ ಜೊತೆಗೆ ಸೆಂ.ಮೀ.ನಲ್ಲೂ ಮುದ್ರಿಸಿದರೆ ‘5.10’ರ ಗೊಂದಲವೂ ತಪ್ಪುತ್ತದೆ.

– ಇಬ್ಬರು ಆಹಾರತಜ್ಞರು, ಮೈಸೂರು