ನೇತ್ರದಾನದಂತೆ ಮಿದುಳು ದಾನವೂ ಜನರಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 21ರ ವಿಶ್ವ ಅಲ್ಝೈಮರ್ಸ್ ದಿನ ಬಂದಾಗಲೆಲ್ಲ ಮರೆವಿನ ಕಾಯಿಲೆಯ ಲಕ್ಷಣಗಳು, ಆರೈಕೆ, ಹೊಸ ಔಷಧಗಳ ಕುರಿತು ನಮ್ಮ ಪತ್ರಿಕೆಗಳಲ್ಲಿ ಒಳ್ಳೆಯ ಲೇಖನಗಳು ಬರುತ್ತವೆ. ಆದರೆ ಆ ಔಷಧಗಳ ಹುಡುಕಾಟ ಯಾವುದರ ಮೇಲೆ ನಿಂತಿದೆ, ಅದಕ್ಕೆ ಓದುಗರು ಹೇಗೆ ನೆರವಾಗಬಹುದು ಎಂಬ ಮಾತು ಅವುಗಳಲ್ಲಿ ಅಪರೂಪ.

ನರಕೋಶದಲ್ಲಿ ಪ್ರೋಟೀನುಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬೆನ್ನುಹುರಿಯಿಂದ ಪಾದದವರೆಗೆ ಸುಮಾರು ಒಂದು ಮೀಟರ್ ಚಾಚಿಕೊಂಡಿರುವ ನರತಂತುವಿನ ತುದಿಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ತಯಾರಾಗುವುದು ಕೋಶದ ಒಡಲಲ್ಲಿ. ಅದನ್ನು ಕೈನೆಸಿನ್ ಎಂಬ ಪ್ರೋಟೀನು, ಕೋಶದೊಳಗೆ ಹಳಿಗಳಂತೆ ಹಾಸಿರುವ ಸೂಕ್ಷ್ಮನಾಳಗಳ ಮೇಲೆ ಹೆಜ್ಜೆಗೆ 8 ನ್ಯಾನೊಮೀಟರಿನಂತೆ ಸಾಗುತ್ತ ಹೊತ್ತೊಯ್ಯುತ್ತದೆ. 1975ರಲ್ಲಿ ಗುರುತಿಸಲಾದ ಟೌ ಎಂಬ ಪ್ರೋಟೀನು ಅದೇ ನಾಳಗಳಿಗೆ ಅಂಟಿಕೊಂಡಿರುತ್ತದೆ. ಅಲ್ಝೈಮರ್ಸ್ ಕಾಯಿಲೆಯಲ್ಲಿ ಟೌ ಮೇಲೆ ಫಾಸ್ಫೇಟ್ ಅತಿಯಾಗಿ ಸೇರುತ್ತದೆ, ಅದು ನಾಳಗಳ ಹಿಡಿತ ಬಿಟ್ಟು ತನ್ನಂಥವೇ ಅಣುಗಳೊಡನೆ ಹೆಣೆದುಕೊಂಡು ಗಟ್ಟಿ ಎಳೆಗಳಾಗುತ್ತದೆ.

ಇಂಥ ಒಡನಾಟವನ್ನು ಅಭ್ಯಸಿಸುವುದು ಸುಲಭವಲ್ಲ. ಕೋಶವನ್ನು ಒಡೆದು, ಪ್ರತಿಕಾಯ (ಗೊತ್ತಾದ ಒಂದು ಪ್ರೋಟೀನಿಗೆ ಮಾತ್ರ ಅಂಟುವ ಅಣು) ಲೇಪಿಸಿದ ಮಣಿಗಳಿಂದ ಒಂದು ಪ್ರೋಟೀನನ್ನು ಹಿಡಿದೆಳೆದು, ಅದರ ಜೊತೆ ಏನೇನು ಬಂತೆಂದು ನೋಡುವುದು ರೂಢಿಯ ವಿಧಾನ. ಆದರೆ ಕೋಶ ಒಡೆದೊಡನೆ, ಒಳಗಿದ್ದಾಗ ಎಂದೂ ಎದುರಾಗದ ಪ್ರೋಟೀನುಗಳೂ ಪರಸ್ಪರ ಅಂಟಿಕೊಳ್ಳಬಲ್ಲವು. ಆದ್ದರಿಂದ ಕಾಯಿಲೆಯಲ್ಲಿ ನಿಜವಾಗಿ ಏನಾಗಿದೆಯೆಂದು ತಿಳಿಯಲು ಮನುಷ್ಯರ ಮಿದುಳನ್ನೇ ನೋಡಬೇಕಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳಾದ ಮಿಶೆಲ್ ಗೋಡರ್ಟ್ ಮತ್ತು ಶೋರ್ಸ್ ಶೆರೆಸ್ ಅವರ ತಂಡ 2017ರಲ್ಲಿ, ಅಲ್ಝೈಮರ್ಸ್‌ನಿಂದ ಬಳಲಿ ತೀರಿಕೊಂಡ ಮಹಿಳೆಯೊಬ್ಬರ ಮಿದುಳಿನಿಂದ ಟೌ ಎಳೆಗಳನ್ನು ತೆಗೆದು, ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಮಡಿಕೆಯನ್ನು, ಎಂದರೆ ಪ್ರೋಟೀನು ಮಡಚಿಕೊಂಡಿರುವ ಆಕಾರವನ್ನು, ಪರಮಾಣುಗಳ ಮಟ್ಟದಲ್ಲಿ ಕಂಡಿತು. ಪ್ರಯೋಗಾಲಯಗಳಲ್ಲಿ ಟೌ ಜೊತೆ ಹೆಪಾರಿನ್ ಎಂಬ ವಸ್ತುವನ್ನು ಬೆರೆಸಿ ಬೆಳೆಸುತ್ತಿದ್ದ ಎಳೆಗಳ ಮಡಿಕೆಯೇ ಬೇರೆ ಎಂಬುದು 2019ರಲ್ಲಿ ಸ್ಪಷ್ಟವಾಯಿತು. ಮಿದುಳಿನದನ್ನೇ ಹೋಲುವ ಎಳೆಗಳನ್ನು 2022ರ ವೇಳೆಗೆ ಕೃತಕವಾಗಿ ಬೆಳೆಸಿದರು, ನಿಜ; ಆದರೆ ಅವು ಹೋಲುತ್ತವೆಂದು ಹೇಳಲು ಸಾಧ್ಯವಾದದ್ದೂ ದಾನಿಯೊಬ್ಬರ ಮಿದುಳು ಮೊದಲು ಕೈಗೆ ಸಿಕ್ಕಿದ್ದರಿಂದಲೇ. ಇಲಿಯ ಮಿದುಳಾಗಲಿ ಕಂಪ್ಯೂಟರ್ ಮಾದರಿಯಾಗಲಿ ಮನುಷ್ಯರ ಮಿದುಳಿನ ಸ್ಥಾನವನ್ನು ತುಂಬಲಾರವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೇ ಮಿದುಳು ಬ್ಯಾಂಕ್ (ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಕೇಂದ್ರ) ಇದೆ. ಇಷ್ಟು ಹತ್ತಿರದಲ್ಲಿದ್ದರೂ ನನ್ನ ಪರಿಚಯದ ವಿದ್ಯಾವಂತರಲ್ಲೇ ಅನೇಕರು ಅದರ ಹೆಸರು ಕೇಳಿಲ್ಲ. ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು 2021ರಲ್ಲಿ ದಾನ ಮಾಡಿದ ಸುದ್ದಿ ಮನೆಮನೆಗೆ ತಲುಪಿದ್ದರಿಂದ ನಾಡಿನಾದ್ಯಂತ ಜನ ನೇತ್ರದಾನಕ್ಕೆ ಮುಂದೆ ಬಂದರು. ಮಿದುಳು ದಾನಕ್ಕೆ ಅಂಥ ಪ್ರಚಾರ ದೊರೆತೇ ಇಲ್ಲ. ಕಾಯಿಲೆಯವರ ಮಿದುಳು ಮಾತ್ರ ಬೇಕೆಂಬ ತಪ್ಪು ತಿಳಿವಳಿಕೆಯೂ ಇದೆ. ಹೋಲಿಸಿ ನೋಡಲು ಆರೋಗ್ಯವಂತರಾಗಿ ಬಾಳಿದವರ ಮಿದುಳೂ ಅಷ್ಟೇ ಅಗತ್ಯ. ಮರಣಾನಂತರ ಹೊತ್ತು ಕಳೆದಂತೆ ಪ್ರೋಟೀನುಗಳ ಮೇಲಿನ ಫಾಸ್ಫೇಟ್ ಕಳಚುತ್ತ, ನೋಡಬೇಕಾದದ್ದೇ ಅಳಿಸಿಹೋಗುವುದರಿಂದ, ಮನೆಯವರು ಮೊದಲೇ ಮಾತಾಡಿ ಒಪ್ಪಿಕೊಂಡಿದ್ದರೆ ಮಾತ್ರ ಈ ದಾನ ಸಾರ್ಥಕವಾಗುತ್ತದೆ.

ಆದ್ದರಿಂದ ಮಿದುಳು ದಾನದ ನೋಂದಣಿ ಹೇಗೆ, ಯಾರ ಒಪ್ಪಿಗೆ ಬೇಕು, ಸಾವು ಸಂಭವಿಸಿದಾಗ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ಬೆಂಗಳೂರಿನಿಂದ ದೂರದ ಜಿಲ್ಲೆಗಳಲ್ಲಿರುವವರು ಏನು ಮಾಡಬೇಕು ಎಂಬ ವಿವರಗಳನ್ನು ನಿಮ್ಹಾನ್ಸ್‌ನವರಿಂದಲೇ ಪಡೆದು ತಮ್ಮ ಆರೋಗ್ಯ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜೀವರಸಾಯನ ವಿಜ್ಞಾನದ ನಿವೃತ್ತ ಅಧ್ಯಾಪಕಿ, ಮೈಸೂರು