ಎರಡು ಕೊಂಬಿನ ಹಕ್ಕಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ದೊಡ್ಡ ಮಂಗಟ್ಟೆ ಹಕ್ಕಿಗೆ (ಗ್ರೇಟ್ ಹಾರ್ನ್‌ಬಿಲ್) ಇರುವುದು ಒಂದೇ ಕೊಂಬು ಅಲ್ವಾ, ಮತ್ತೆ ವೈಜ್ಞಾನಿಕ ಹೆಸರಿನಲ್ಲಿ ಎರಡು ಯಾಕೆ ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೆಸರು ಬ್ಯುಸೆರಾಸ್ ಬೈಕಾರ್ನಿಸ್. ಮೊದಲ ಪದ ಗ್ರೀಕ್‌ನಿಂದ ಬಂದದ್ದು. ಬೂಸ್ ಅಂದರೆ ಎತ್ತು, ಕೆರಾಸ್ ಅಂದರೆ ಕೊಂಬು. ಎರಡನೆಯದು ಲ್ಯಾಟಿನ್, ಎರಡು ಕೊಂಬಿನದು ಅಂತ ಅರ್ಥ. ಪಕ್ಕದಿಂದ ತೆಗೆದ ಫೋಟೊದಲ್ಲಿ ಒಂದೇ ಕಾಣುತ್ತದೆ, ನಿಜ. ಎದುರಿನಿಂದ ತೆಗೆದದ್ದು ಹುಡುಕಿ ನೋಡು. ಕೊಕ್ಕಿನ ಮೇಲಿನ ಆ ಹಳದಿ ಕೊಂಬು ನಡುವೆ ತಗ್ಗಾಗಿದೆ. ಎರಡೂ ಅಂಚು ಎದ್ದು, ಮುಂದೆ ಎರಡು ಮೊನೆಯಾಗಿವೆ. ಒಳಗೆಲ್ಲ ಹೆಚ್ಚೂಕಡಿಮೆ ಟೊಳ್ಳು.

1758ರಲ್ಲಿ ಈ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನಿಯಸ್. ಅವನು ನಮ್ಮ ಕಡೆ ಬಂದವನೇ ಅಲ್ಲ. ಹಕ್ಕಿಯ ಊರು ಚೀನಾ ಅಂತ ಬರೆದ. ನಮ್ಮ ಪಶ್ಚಿಮ ಘಟ್ಟದಲ್ಲಿ, ಈಶಾನ್ಯ ಭಾರತದಲ್ಲಿ, ಆಚೆ ಸುಮಾತ್ರದವರೆಗೂ ಇರುವ ಹಕ್ಕಿ ಇದು! ಅವನಿಟ್ಟ ಹೆಸರಿಗೆ ಸಿಕ್ಕಿದ್ದು ಕೊಂಬು ಮಾತ್ರ. ನನಗೆ ಅದು ಸಾಲದು. ಈ ಹಕ್ಕಿಯನ್ನು ಅರಿಯಬೇಕಾದರೆ ಅದರ ಗೂಡಿನ ಕಥೆ ಗೊತ್ತಿರಬೇಕು.

ಹೆಣ್ಣು ಹಳೆಯ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಪೊಟರೆಯ ಬಾಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಉಳಿಯುತ್ತದೆ, ಅಷ್ಟೇ. ಒಂದೋ ಎರಡೋ ಮೊಟ್ಟೆ. ಕಾವಿಗೆ ಸುಮಾರು 40 ದಿನ. ಆ ಹೊತ್ತಿಗೆ ಅದರ ರೆಕ್ಕೆಯ ಗರಿಗಳೂ ಉದುರಿರುತ್ತವೆ, ಹಾರುವಂತಿಲ್ಲ. ಗಂಡು ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಸೀಳಿನಲ್ಲಿ ಕೊಡುತ್ತದೆ. ಆ ಗಂಡನ್ನು ಯಾರಾದರೂ ಹೊಡೆದರೆ ಒಳಗಿರುವ ತಾಯಿ, ಮರಿಗಳ ಗತಿ ಏನು ಹೇಳು? ಬೇಟೆಯ ಸುದ್ದಿ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹಳೆ ಮರ ಕಡಿದರೂ ಅಷ್ಟೇ. ಪೊಟರೆಯನ್ನು ಇದು ತಾನೇ ಕೊರೆದುಕೊಳ್ಳಲಾರದು.

ಡಿಸೆಂಬರ್ ರಜೆಗೆ ಬಾ, ದಾಂಡೇಲಿಗೆ ಹೋಗೋಣ. ತಡ ಮಾಡಿದರೆ ಹೆಣ್ಣು ಪೊಟರೆ ಸೇರಿಬಿಡುತ್ತದೆ. ಜೋಡಿ ಕಂಡರೆ ದುರ್ಬೀನಿನಲ್ಲಿ ಕಣ್ಣು ನೋಡು. ಕೆಂಪಾದರೆ ಗಂಡು, ಬಿಳಿಯಾದರೆ ಹೆಣ್ಣು.

ನಿನ್ನ,
ಅಪ್ಪ