ಹಳಬರು ಸುಮ್ಮನಾದಾಗ

ಕಳೆದ ಸಮಿತಿ ಸಭೆಯಲ್ಲಿ ಒಂದು ಸಲಹೆ ಬಂತು: ಪರದೇಶದಲ್ಲಿರುವ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಜಗಳ ಜಾಸ್ತಿಯಾಗಿದೆ, ಇನ್ನು ಅಡ್ಮಿನ್‌ಗಳಷ್ಟೇ ಬರೆಯುವ ಹಾಗೆ ಮಾಡಿಬಿಡೋಣ. ನಾನು ಒಪ್ಪಲಿಲ್ಲ. ಜಗಳದಿಂದ ಗುಂಪು ಹಾಳಾಗುತ್ತದೆ ಎನ್ನುವುದರಲ್ಲೇ ನನಗೆ ನಂಬಿಕೆಯಿಲ್ಲ.

ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರಿಗೆ ಯೂಸ್‌ನೆಟ್ ನೆನಪಿರಬಹುದು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ತಲೆಯಲ್ಲಿ ಹುಟ್ಟಿದ ಚರ್ಚಾ ಜಾಲ ಅದು. ಕರ್ನಾಟಕದ ಹೆಸರಿನಲ್ಲೂ ಅಲ್ಲೊಂದು ವಿಭಾಗವಿತ್ತು. ಜಗಳಕ್ಕೇನೂ ಬರವಿರಲಿಲ್ಲ. ಆದರೂ ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದ ಹುಡುಗರು ಕಂಪ್ಯೂಟರ್ ಖಾತೆ ಸಿಕ್ಕ ಹುರುಪಿನಲ್ಲಿ ಬಾಯಿಗೆ ಬಂದದ್ದೆಲ್ಲ ಬರೆಯುತ್ತಿದ್ದರು. ಹಳಬರು ಗದರುತ್ತಿದ್ದರು, ರೀತಿ ರಿವಾಜು ಹೇಳಿಕೊಡುತ್ತಿದ್ದರು, ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು ಆಗಾಗ ಹಾಕುತ್ತಿದ್ದರು. ಸ್ವಲ್ಪ ದಿನಕ್ಕೆ ಹೊಸಬರೂ ಪಳಗಿ, ಮುಂದಿನ ವರ್ಷದವರನ್ನು ಗದರಲು ತಯಾರಾಗುತ್ತಿದ್ದರು.

1993-94ರ ಹೊತ್ತಿಗೆ, ದುಡ್ಡು ಕೊಟ್ಟವರಿಗೆ ಆನ್‌ಲೈನ್ ಸಂಪರ್ಕ ಒದಗಿಸುತ್ತಿದ್ದ ‘ಅಮೆರಿಕ ಆನ್‌ಲೈನ್’ (ಎಒಎಲ್) ಕಂಪನಿ ತನ್ನ ಗಿರಾಕಿಗಳಿಗೆಲ್ಲ ಯೂಸ್‌ನೆಟ್ ತೆರೆದುಕೊಟ್ಟಿತು. ಜನ ಬರುವುದು ನಿಲ್ಲಲೇ ಇಲ್ಲ. ಎಷ್ಟು ಜನಕ್ಕೆಂದು ಹೇಳಿಕೊಡುವುದು? ‘ಮುಗಿಯದ ಸೆಪ್ಟೆಂಬರ್’ ಎಂದು ಹಳಬರು ಗೊಣಗಿದರು, ಒಬ್ಬೊಬ್ಬರಾಗಿ ಸುಮ್ಮನಾದರು. 1994ರ ಏಪ್ರಿಲ್‌ನಲ್ಲಂತೂ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ವಿಭಾಗಗಳಿಗೆ ಸುರಿದರು. (ಗ್ರೀನ್ ಕಾರ್ಡ್ ಹೆಸರು ಹೇಳಿದರೆ ಆಗಲೂ ವ್ಯಾಪಾರ, ಈಗಲೂ ವ್ಯಾಪಾರ.)

ಆಮೇಲೆ ಜನ ಸೇರಿ ಹರಟುತ್ತಿದ್ದ ತಾಣಗಳ ಕಥೆಯೂ ಹೀಗೇ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಮುಚ್ಚಿದ್ದು ಕಂಪನಿಗಳೇ, ನಿಜ. ಆದರೆ ಅಷ್ಟರಲ್ಲಾಗಲೇ ಹೆಚ್ಚಿನವರು ಬೇರೆಡೆಗೆ ಹೋಗಿಯಾಗಿತ್ತು.

ನಮ್ಮ ಗುಂಪಿನ ಕಾಯಿಲೆಯೂ ಇದೇ ಜಾತಿಯದು: ಜಗಳವಲ್ಲ, ಹಳಬರು ಸುಮ್ಮನಾಗಿರುವುದು. ಮೊನ್ನೆ ಹೊಸದಾಗಿ ಬಂದವರೊಬ್ಬರು, ಊರಿನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ಎಷ್ಟು ದಿನ ನಡೆಯುತ್ತದೆ ಎಂದು ಬೆಳಗ್ಗೆ ಕೇಳಿದರು. ಅದರ ಮೇಲೆ ಹಬ್ಬದ ಶುಭಾಶಯದ ಚಿತ್ರಗಳು ಬಿದ್ದವು, ಆಮೇಲೆ ಯಾವುದೋ ಕಷಾಯದ ಮಹಿಮೆ, ಆಮೇಲೆ ಅಗಲಿದ ನಟರೊಬ್ಬರಿಗೆ ಸಾಲುಸಾಲು ‘ಓಂ ಶಾಂತಿ’. ಉತ್ತರ ಗೊತ್ತಿರುವ ಕನಿಷ್ಠ ಐವತ್ತು ಮನೆಯವರು ಈ ಗುಂಪಿನಲ್ಲಿದ್ದಾರೆ. ಅವರಲ್ಲಿ ಬಹಳಷ್ಟು ಜನ ಗುಂಪನ್ನು ಮ್ಯೂಟ್ ಮಾಡಿಟ್ಟು ಕಾಲವಾಯಿತು. ಹಿಂದೊಮ್ಮೆ ಇದೇ ಪ್ರಶ್ನೆಗೆ ಯಾರೋ ವಿವರವಾಗಿ ಬರೆದಿದ್ದರು. ಆದರೆ ಹೊಸದಾಗಿ ಸೇರಿದವರಿಗೆ ಹಿಂದಿನ ಮಾತು ತಾನಾಗಿ ಕಾಣುವುದಿಲ್ಲವಲ್ಲ. ಇಂಥ ಗುಂಪಿಗೆ ಬೀಗ ಜಡಿದರೆ ಶುಭಾಶಯಗಳು ನಿಂತಾವು, ಲೈಸೆನ್ಸಿನ ಉತ್ತರವಂತೂ ಸಿಗುವುದಿಲ್ಲ.

ಸಮಿತಿ ಕೊನೆಗೆ ಒಪ್ಪಿದ್ದು ಇಷ್ಟು. ಶುಭಾಶಯ, ಫಾರ್ವರ್ಡ್‌ಗಳಿಗೆ ಬೇರೆ ಗುಂಪು. ಬಾಡಿಗೆ ಮನೆ, ಲೈಸೆನ್ಸ್, ಮಕ್ಕಳ ಶಾಲೆ, ಆರೋಗ್ಯ ವಿಮೆ ಇವುಗಳ ಉತ್ತರಗಳನ್ನು ಸಂಘದ ಜಾಲತಾಣದಲ್ಲಿ ಒಂದೆಡೆ ಬರೆದಿಡುವುದು. ತಿಂಗಳಿಗೆ ಇಬ್ಬರಂತೆ ಹೊಸಬರ ಪ್ರಶ್ನೆಗಳನ್ನು ನೋಡಿಕೊಳ್ಳುವ ಪಾಳಿ. ಆಗಸ್ಟ್, ಸೆಪ್ಟೆಂಬರ್ ಪಾಳಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಮ್ಯೂಟ್ ಮಾಡಿರುವವರೂ ಕೊಡಬಹುದು.